ಆಟಿಯಲ್ಲೇ ಉಳಿದ ಕಂಪ್ಯೂಟರೂ ಟೀಚರ ತಮ್ಮನ ಮದುವೆಯೂ

ಇಂಥವೆಲ್ಲ ನನಗೇ ಯಾಕೆ ಆಗುತ್ತವೆ ಎಂದು ಕೇಳುವುದನ್ನು ನಾನು ಬಿಟ್ಟು ಬಹಳ ಕಾಲವಾಯಿತು. ಪುತ್ತೂರಿನ ಬಸ್‌ಸ್ಟ್ಯಾಂಡಿನ ಹತ್ತಿರ ಒಂದು ಚಪ್ಪಲಿ ಅಂಗಡಿಯ ಮಾಳಿಗೆಯಲ್ಲಿ ನನ್ನ ಕಂಪ್ಯೂಟರ್ ಸರ್ವಿಸಿನ ಕೋಣೆ ಇದೆ. ಪುತ್ತೂರು, ಸುಳ್ಯ, ಕಡಬ ಈ ಮೂರು ತಾಲೂಕುಗಳಲ್ಲಿ ಯಾರ ಕಂಪ್ಯೂಟರು ಮುನಿಸಿಕೊಂಡರೂ ಫೋನು ಬರುವುದು ನನಗೆ. ಮೊದಲು ಕಂಪ್ಯೂಟರನ್ನು ಸಮಾಧಾನ ಮಾಡಬೇಕು, ಆಮೇಲೆ ಅದರ ಯಜಮಾನರನ್ನು. ಮೊದಲನೆಯದು ಬೇಗ ಆಗುತ್ತದೆ.

ನನ್ನ ಕೋಣೆಯ ಮೂಲೆಯಲ್ಲಿ ಗುಂಯ್ ಎನ್ನುವ ಒಂದು ಕಬ್ಬಿಣದ ಪೆಟ್ಟಿಗೆ ಇದೆ. ಅದರೊಳಗೆ ಮೂರು ಕಂಪ್ಯೂಟರುಗಳಿವೆ. ಇವೆ ಎನ್ನುವುದೂ ಪೂರ್ತಿ ಸರಿಯಲ್ಲ. ಅವಕ್ಕೆ ತಂತಿಯಿಲ್ಲ, ಸ್ಕ್ರೂ ಇಲ್ಲ, ಮೈಯೇ ಇಲ್ಲ. ವರ್ಚುವಲ್ ಮಷೀನು ಎಂದು ಹೆಸರು. ದೊಡ್ಡ ಕಂಪ್ಯೂಟರೊಂದು ತನ್ನ ಹೊಟ್ಟೆಯೊಳಗೆ ಬರಿಯ ಲೆಕ್ಕಾಚಾರದಿಂದಲೇ ಸಣ್ಣ ಕಂಪ್ಯೂಟರುಗಳನ್ನು ಹುಟ್ಟಿಸುತ್ತದೆ, ಅವು ತಾವು ನಿಜವೆಂದೇ ನಂಬಿ ದುಡಿಯುತ್ತವೆ. ಇದರಿಂದಲೇ ಅನ್ನ ತಿನ್ನುವ ನನಗೆ, ಹೊಸದೊಂದನ್ನು ಎಬ್ಬಿಸುವಾಗ ಇವತ್ತಿಗೂ ಮೈ ಜುಮ್ಮೆನ್ನುತ್ತದೆ.

ಆ ಮೂರರಲ್ಲಿ ಒಂದು ಪುತ್ತೂರಿನ ವಧೂವರರ ಕೇಂದ್ರದ್ದು, ಒಂದು ಸುಳ್ಯದ ಮದುವೆ ಹಾಲಿನದ್ದು, ಇನ್ನೊಂದು ಕಡಬದ ರಕ್ತಪರೀಕ್ಷೆಯ ಲ್ಯಾಬಿನದ್ದು.

ಕಾಣದ ಗೋಡೆ

ವಧೂವರರ ಕೇಂದ್ರ ನಡೆಸುವವರು ನಿವೃತ್ತ ಟೀಚರು. ಏಳನೆಯ ಕ್ಲಾಸಿನಲ್ಲಿ ನನಗೆ ಗಣಿತ ಕಲಿಸಿದವರು. ಆ ಸಲಿಗೆಯಿಂದ ಈಗಲೂ ನನ್ನನ್ನು ಏಕವಚನದಲ್ಲಿ ಕರೆಯುತ್ತಾರೆ, ಅದೇ ಸಲಿಗೆಯಿಂದ ಬೈಯುತ್ತಾರೆ. ಅವರ ಕೇಂದ್ರದ ಹುಡುಗ ಹುಡುಗಿಯರ ವಿವರವೆಲ್ಲ ನನ್ನ ಪೆಟ್ಟಿಗೆಗೆ ಬಂದ ದಿನ, ಕಣ್ಣಾರೆ ನೋಡಿಯೇ ಹೋಗುತ್ತೇನೆಂದು ಮಾಳಿಗೆ ಹತ್ತಿ ಬಂದರು.

“ನನ್ನದು ಯಾವುದು?” ಎಂದು ಕೇಳಿದರು.

ನಾನು ಪೆಟ್ಟಿಗೆ ತೋರಿಸಿದೆ.

“ಸುಳ್ಯದವರದ್ದು?”

“ಅದರಲ್ಲೇ.”

“ಕಡಬದ್ದು?”

“ಅದೂ ಅದರಲ್ಲೇ ಟೀಚರೇ.”

ಟೀಚರ ಮುಖ ಬಿಗಿಯಿತು. “ಎಲ್ಲ ಒಟ್ಟಿಗಾ? ನನ್ನಲ್ಲಿ ಮದುವೆಯಾಗದ ಹೆಣ್ಣುಮಕ್ಕಳ ಫೋಟೋ ಉಂಟು ಮಾರಾಯ್ತಿ. ನಡುವೆ ಗೋಡೆ ಉಂಟಾ?”

“ಉಂಟು. ಕಣ್ಣಿಗೆ ಕಾಣುದಿಲ್ಲ ಅಷ್ಟೆ. ಪಕ್ಕದಲ್ಲಿ ಇನ್ನೊಂದು ಉಂಟು ಅಂತ ಇದಕ್ಕೆ ಗೊತ್ತೇ ಇರುದಿಲ್ಲ. ಮೂರೂ ಇಡೀ ಮನೆ ತನ್ನದೇ ಅಂತ ತಿಳ್ಕೊಂಡಿರ್ತವೆ.”

“ನಮ್ಮ ಅತ್ತೆಯೂ ಹಾಗೆಯೇ ತಿಳ್ಕೊಂಡಿದ್ದರು,” ಎಂದರು ಟೀಚರು.

ಅವರು ಪೆಟ್ಟಿಗೆಗೆ ಒಂದು ಸುತ್ತು ಬಂದರು. ಬಗ್ಗಿ ಕಿವಿಯಿಟ್ಟು ಕೇಳಿದರು. ಇಲ್ಲದ ಕಂಪ್ಯೂಟರು ಇದ್ದಂತೆ ಕೆಲಸ ಮಾಡುವುದನ್ನು ನಾನು ಪರದೆಯಲ್ಲಿ ತೋರಿಸಿದಾಗ, ಬಾಯಿಯ ಮೇಲೆ ಕೈಯಿಟ್ಟುಕೊಂಡರು. ಆಮೇಲೆ ಹೇಳಿದರು, “ಆದರೂ ನನ್ನದನ್ನು ಮೇಲಿನ ಬದಿಗಿಡು. ಹೆಣ್ಣುಮಕ್ಕಳು ಮಾಳಿಗೆಯಲ್ಲಿದ್ದರೆ ನನಗೆ ನಿದ್ರೆ ಬರ್ತದೆ.”

ವಾದಿಸಿ ಪ್ರಯೋಜನವಿರಲಿಲ್ಲ. ‘ಟೀಚರದ್ದು’ ಎಂದು ಚೀಟಿ ಬರೆದು ಪೆಟ್ಟಿಗೆಯ ಮೇಲಿನ ಭಾಗಕ್ಕೆ ಅಂಟಿಸಿದೆ. ಅವರಿಗೆ ಸಮಾಧಾನವಾಯಿತು. ಬಂದಾಗಲೆಲ್ಲ ಸೆರಗಿನಿಂದ ಅಷ್ಟು ಭಾಗವನ್ನು ಒರೆಸಿ ಹೋಗುತ್ತಾರೆ. ಹಾಗಾಗಿ ನನ್ನ ಪೆಟ್ಟಿಗೆಯ ಮೇಲಿನ ಅರ್ಧ ಫಳಫಳ ಹೊಳೆಯುತ್ತದೆ. ಕೆಳಗಿನ ಅರ್ಧ ಸುಳ್ಯ ಮತ್ತು ಕಡಬದವರದ್ದು, ಅದನ್ನು ಅವರೇ ಬಂದು ಒರೆಸಲಿ ಎಂದು ಟೀಚರ ಅಭಿಪ್ರಾಯ.

ಪೋಡಿಯ ಪರೀಕ್ಷೆ

ಟೀಚರಿಗೆ ಇದ್ದದ್ದು ಒಂದೇ ಚಿಂತೆ, ತಮ್ಮನ ಮದುವೆ. ಅಪ್ಪ ಅಮ್ಮ ಹೋದ ಮೇಲೆ ತಾವೇ ಬೆಳೆಸಿದ ತಮ್ಮ. ಸಂಪಾಜೆಯಲ್ಲಿ ಮಡಿಕೇರಿ ರಸ್ತೆಗೆ ಹೊಂದಿಕೊಂಡು ಅವನ ಹೋಟೆಲು. ಘಾಟಿ ಹತ್ತುವ ಲಾರಿಯವರು, ಇಳಿದು ಬಂದ ಬಸ್ಸಿನವರು ಎಲ್ಲರೂ ಅಲ್ಲಿ ನಿಲ್ಲಿಸುತ್ತಾರೆ. ಕೈರುಚಿ ಅಂಥದ್ದು. ಮನುಷ್ಯ ಒಳ್ಳೆಯವನು, ಕುಡಿತವಿಲ್ಲ, ಬೀಡಿಯಿಲ್ಲ. ಹೆಣ್ಣು ಮಾತ್ರ ಸಿಕ್ಕುತ್ತಿರಲಿಲ್ಲ.

“ಊರಿಗೆಲ್ಲ ಮದುವೆ ಮಾಡಿಸುವವಳು ಒಡಹುಟ್ಟಿದವನಿಗೆ ಒಂದು ಹುಡುಗಿ ನೋಡ್ಲಿಕ್ಕೆ ಆಗ್ಲಿಲ್ಲ ಅಂತ ಜನ ನನ್ನ ಬೋರ್ಡು ನೋಡಿ ನಗುದಿಲ್ವಾ?” ಎಂದು ಒಮ್ಮೆ ಕೇಳಿದರು. ಕೇಳುವಾಗ ಕಣ್ಣು ಒದ್ದೆಯಾಗಿತ್ತು. ಕ್ಲಾಸಿನಲ್ಲಿ ನಮ್ಮನ್ನೆಲ್ಲ ಅಳಿಸಿದ ಟೀಚರು ಅಳುವುದನ್ನು ನಾನು ಅದೇ ಮೊದಲು ನೋಡಿದ್ದು.

ಹೆಣ್ಣು ಯಾಕೆ ಸಿಕ್ಕುತ್ತಿಲ್ಲವೆಂಬುದು, ನನ್ನ ಕಾರಿನಲ್ಲಿ ಅವರನ್ನು ಒಂದು ಮನೆಗೆ ಕರೆದುಕೊಂಡು ಹೋದ ದಿನ ತಿಳಿಯಿತು. ಹುಡುಗಿಯ ತಾಯಿ ಸಂಭ್ರಮದಿಂದ ಬಾಳೆಕಾಯಿ ಪೋಡಿ ತಂದಿಟ್ಟರು, ಬಜ್ಜಿಗೆ ನಮ್ಮ ಕಡೆ ಪೋಡಿ ಎನ್ನುವುದು. ತಮ್ಮ ಒಂದನ್ನು ಎತ್ತಿ ಬೆಳಕಿಗೆ ಹಿಡಿದು ನೋಡಿದ. ಮುರಿದ. ವಾಸನೆ ನೋಡಿದ. ಕಚ್ಚಿದ. ಮನೆಯವರೆಲ್ಲ ಹುಡುಗನ ಮೊದಲ ಮಾತಿಗಾಗಿ ಕಾಯುತ್ತಿದ್ದರು.

“ಹಿಟ್ಟಿಗೆ ಅಕ್ಕಿಹಿಟ್ಟು ಸೇರಿಸ್ಲಿಲ್ಲ ಅಲ್ವಾ?” ಎಂದ.

ತಾಯಿಯ ಮುಖ ಬಾಡಿತು. ಟೀಚರು ಮೇಜಿನ ಕೆಳಗಿಂದ ಅವನ ಕಾಲು ತುಳಿದರು. ಕಾಲು ತುಳಿದದ್ದು ಇನ್ನೂ ಹೇಳು ಎಂಬ ಸೂಚನೆ ಎಂದುಕೊಂಡನೋ ಏನೋ, “ಎಣ್ಣೆಯೂ ಕಾಯ್ಲಿಲ್ಲ” ಎಂದು ಸೇರಿಸಿದ. ಆದರೂ ತಟ್ಟೆ ಖಾಲಿ ಮಾಡಿ ಎದ್ದ.

ವಾಪಸು ಬರುವಾಗ ಕಾರಿನಲ್ಲಿ ಟೀಚರು ಹಲ್ಲು ಕಚ್ಚಿಕೊಂಡು, “ಪೋಡಿ ಬಿಡು. ಹುಡುಗಿ ಹೇಗಿದ್ದಳು?” ಎಂದು ಕೇಳಿದರು.

ತಮ್ಮ ಸ್ವಲ್ಪ ಯೋಚಿಸಿ ಕೇಳಿದ, “ಹುಡುಗಿ ಬಂದಿದ್ದಳಾ?”

ಸುಳ್ಯದವರು ನಿಂತ ಬಗೆ

ಇಲ್ಲದ ಕಂಪ್ಯೂಟರಿನ ದೊಡ್ಡ ಸುಖವೆಂದರೆ, ಇಡೀ ಕಂಪ್ಯೂಟರನ್ನೇ ಇದ್ದ ಹಾಗೆ ನಕಲು ತೆಗೆದಿಡಬಹುದು. ಅದಕ್ಕೆ ಸ್ನ್ಯಾಪ್‌ಶಾಟ್ ಎನ್ನುತ್ತಾರೆ. ಪೆಟ್ಟಿಗೆ ಸುಟ್ಟುಹೋದರೂ ನಕಲನ್ನು ಇನ್ನೊಂದು ಪೆಟ್ಟಿಗೆಯಲ್ಲಿ ಎಬ್ಬಿಸಿದರೆ, ನಿದ್ದೆಯಿಂದ ಎದ್ದವರ ಹಾಗೆ ಎದ್ದು ಕೆಲಸಕ್ಕೆ ತೊಡಗುತ್ತದೆ. ತೊಂದರೆ ಇರುವುದು ಒಳಗಿನ ಡೇಟಾಬೇಸಿನಲ್ಲಿ. ಅದು ಸದಾ ಏನಾದರೂ ಬರೆಯುತ್ತಲೇ ಇರುತ್ತದೆ, ಅರ್ಧ ಡಿಸ್ಕಿನ ಮೇಲೆ, ಅರ್ಧ ಇನ್ನೂ ತಲೆಯಲ್ಲಿ. ಆ ಗಳಿಗೆಯಲ್ಲಿ ನಕಲು ತೆಗೆದರೆ ನಕಲೇನೋ ಸಿಗುತ್ತದೆ, ಎಬ್ಬಿಸಿದಾಗ ಒಳಗೆ ಎಲ್ಲ ಅರ್ಧಂಬರ್ಧ. ಕೆಲವೊಮ್ಮೆ ಏಳುವುದೇ ಇಲ್ಲ. ‘ಒಂದು ಗಳಿಗೆ ಉಸಿರು ಹಿಡಿ’ ಎಂದು ಹೊಸ ಡೇಟಾಬೇಸುಗಳಿಗೆ ಹೇಳುವ ವ್ಯವಸ್ಥೆ ಇದೆ. ನನ್ನ ಗಿರಾಕಿಗಳದ್ದು ಹಳೆಯದು, ಅದಕ್ಕೆ ಹೇಳಿದರೆ ತಿಳಿಯುವುದಿಲ್ಲ. ಹಾಗಾಗಿ ಉಸಿರು ಹಿಡಿಯುವ ಕೆಲಸ ಮನುಷ್ಯರ ಪಾಲಿಗೆ ಬಂತು.

ದಿನಾ ಮಧ್ಯಾಹ್ನ ಫೋನು ಮಾಡುತ್ತೇನೆ, ಆಯಿತು ಎಂದು ಪುನಃ ಹೇಳುವ ತನಕ ಕಂಪ್ಯೂಟರು ಮುಟ್ಟಬೇಡಿ ಎಂದು ಮೂರೂ ಕಡೆ ಹೇಳಿದ್ದೆ. ಸುಳ್ಯದ ಮದುವೆ ಹಾಲಿನ ಮ್ಯಾನೇಜರು ಒಪ್ಪಿಕೊಂಡರು. ಅವರು ಮಾತಿಗೆ ತಪ್ಪುವವರಲ್ಲ.

ಒಂದು ದಿನ ಸುಳ್ಯಕ್ಕೆ ಹೋಗುವುದಿತ್ತು. ಟೀಚರೂ ಜೊತೆಗೆ ಬಂದರು. ತಮ್ಮನಿಗೆ ಹೆಣ್ಣು ಸಿಕ್ಕಿರಲಿಲ್ಲ, ಆದರೆ ಮದುವೆ ಹಾಲು ಯಾವ ಮುಹೂರ್ತಕ್ಕೆ ಖಾಲಿ ಇದೆಯೆಂದು ವಿಚಾರಿಸಿಡುವುದು ಒಳ್ಳೆಯದೆಂದು ಅವರ ಲೆಕ್ಕ. ಹಾಲಿನ ಅಂಗಳದಲ್ಲಿ ಕಾರು ನಿಲ್ಲಿಸಿ, ಕಾರಿನಲ್ಲಿ ಕೂತೇ ಲ್ಯಾಪ್‌ಟಾಪಿನಿಂದ ನಕಲು ತೆಗೆಯಲು ಶುರು ಮಾಡಿ, ಮ್ಯಾನೇಜರಿಗೆ ಫೋನಿನಲ್ಲಿ “ಈಗ ತೆಗೀತೇನೆ” ಎಂದೆ. ಅದು ಮುಗಿಯಲು ಹೊತ್ತು ಹಿಡಿಯುತ್ತದೆಂದು ಇಬ್ಬರೂ ಇಳಿದು ಒಳಗೆ ಹೋದೆವು.

ಒಳಗೆ ಕಂಡದ್ದನ್ನು ನಾನು ಮರೆಯಲಾರೆ. ಮ್ಯಾನೇಜರು ಮೇಜಿನ ಹಿಂದೆ ಕೈಕಟ್ಟಿ ನೆಟ್ಟಗೆ ನಿಂತಿದ್ದರು. ಗುಮಾಸ್ತರು ಕಪಾಟಿನ ಪಕ್ಕ ನಿಂತಿದ್ದರು. ಗುಡಿಸುವ ಅಕ್ಕ ಹಿಡಿಸೂಡಿ ಎತ್ತಿ ಹಿಡಿದು ನಿಂತಿದ್ದರು. ಮದುವೆ ಗೊತ್ತುಮಾಡಲು ಬಂದ ಒಂದು ಕುಟುಂಬ ಅಜ್ಜನಿಂದ ಮೊಮ್ಮಗನ ತನಕ ಸಾಲಾಗಿ ಕೈಕಟ್ಟಿ ನಿಂತಿತ್ತು. ಅಡುಗೆಮನೆಯ ಬಾಗಿಲಲ್ಲಿ ಅಡುಗೆಭಟ್ಟರು ಸೌಟು ಕೆಳಗಿಟ್ಟು ಕಣ್ಣು ಮುಚ್ಚಿ ನಿಂತಿದ್ದರು. ಫ್ಯಾನು ಮಾತ್ರ ತಿರುಗುತ್ತಿತ್ತು. ಇವರು ನಿಲ್ಲುತ್ತಿದ್ದದ್ದು ಪುತ್ತೂರಿನ ಚಪ್ಪಲಿ ಅಂಗಡಿಯ ಮೇಲಿರುವ ಒಂದು ಪೆಟ್ಟಿಗೆಗಾಗಿ, ಅದರೊಳಗೆ ಇಲ್ಲದ ಒಂದು ಕಂಪ್ಯೂಟರಿಗಾಗಿ. ನಾನೂ ಕೈಕಟ್ಟಿ ನಿಂತೆ.

ಮುಗಿದ ಮೇಲೆ ಮ್ಯಾನೇಜರು ಹೇಳಿದರು, “ಕಂಪ್ಯೂಟರು ಮುಟ್ಟಬೇಡಿ ಅಂತ ನೀವು ಹೇಳಿದ್ದಲ್ವಾ. ಒಬ್ಬನಿಗೆ ಬೇಡ ಅಂದರೆ ಇನ್ನೊಬ್ಬ ಮುಟ್ತಾನೆ ಮಾರಾಯ್ರೆ. ಅದಕ್ಕೆ ಯಾರೂ ಎಂತದ್ದನ್ನೂ ಮುಟ್ಟುದು ಬೇಡ ಅಂತ ಮಾಡಿದೆ.”

“ಅಡುಗೆಯವರು ಯಾಕೆ?”

“ಅವರನ್ನು ಮಾತ್ರ ಬಿಟ್ಟರೆ ಉಳಿದವರು ಕೇಳ್ತಾರೆ.”

“ನೀವೂ ಹೀಗೆ ನಿಂತರೆ ನಿಮ್ಮ ನಕಲೂ ಚೊಕ್ಕ ಬರ್ತದೆ ಟೀಚರೇ,” ಎಂದೆ ನಾನು. ಅವರು ಒಪ್ಪಲಿಲ್ಲ. “ನನ್ನಲ್ಲಿ ಹೊತ್ತಲ್ಲದ ಹೊತ್ತಿಗೆ ತಾಯಂದಿರು ಮೊಬೈಲಿನಲ್ಲಿ ಹುಡುಗರನ್ನು ನೋಡ್ತಾ ಇರ್ತಾರೆ. ಅವರಿಗೆಲ್ಲ ನಿಲ್ಲಿ ಅಂತ ಹೇಳುದು ಯಾರು? ನನಗೂ ಪುರುಸೊತ್ತಿಲ್ಲ.” ಡೇಟಾಬೇಸಿನದ್ದೇ ಬೇರೆ ನಕಲು ತೆಗ್ದಿಡುವ ಎಂದರೆ, ಆಗ ಎಲ್ಲ ನಿಧಾನ ಆಗುತ್ತದೆಂದು ಅದನ್ನೂ ಬೇಡವೆಂದರು.

ಅಷ್ಟರಲ್ಲಿ ಅಡುಗೆಮನೆಯಿಂದ ಕರಟಿದ ವಾಸನೆ ಬಂತು. ಸಾಂಬಾರು ತಳ ಹಿಡಿದಿತ್ತು. ನಾನು ಪೇಚಾಡುವುದನ್ನು ನೋಡಿ ಮ್ಯಾನೇಜರೇ ಸಮಾಧಾನ ಹೇಳಿದರು, “ಬೇಜಾರು ಮಾಡ್ಬೇಡಿ ಮೇಡಂ. ಸಾಂಬಾರು ಪುನಃ ಮಾಡ್ಬಹುದು. ಅದಕ್ಕೆ ಬ್ಯಾಕಪ್ ಬೇಡ.”

ಎರಡನೆಯ ರಕ್ತ

ಮಳೆ ಹಿಡಿದ ಮೇಲೆ ಕಡಬದ ಲ್ಯಾಬಿನಿಂದ ಫೋನು ಬಂತು. ಒಬ್ಬ ಅಜ್ಜಿಯ ಹಿಂದಿನ ದಿನದ ವರದಿ ಅಳಿಸಿಹೋಗಿದೆ, ಬ್ಯಾಕಪ್ಪಿನಿಂದ ತೆಗೆದುಕೊಡಬೇಕು. ಟೀಚರು ಈ ಸಲವೂ ಕಾರಿನಲ್ಲಿದ್ದರು. ಕಡಬದ ಕಡೆ ಹುಡುಗಿಯರು ಗಟ್ಟಿ ಎಂದು ಯಾರೋ ಹೇಳಿದ್ದರಂತೆ.

ಇಲ್ಲಿ ಇನ್ನೊಂದು ಕಷ್ಟ. ನಕಲು ಇರುವುದು ಇಡೀ ಕಂಪ್ಯೂಟರಿನದ್ದು. ಅದರಿಂದ ಒಬ್ಬರ ವರದಿ ಮಾತ್ರ ಹೆಕ್ಕಿ ತೆಗೆಯಬೇಕಾದರೆ ಪಕ್ಕದಲ್ಲಿ ಇನ್ನೊಂದನ್ನು ಎಬ್ಬಿಸಬೇಕು, ಪೆಟ್ಟಿಗೆಯಲ್ಲಿ ಅಷ್ಟು ಜಾಗವಿಲ್ಲ. ಇದ್ದದ್ದನ್ನೇ ನಿನ್ನೆಗೆ ತಿರುಗಿಸಿದರೆ ಅಜ್ಜಿಯ ವರದಿ ಬರುತ್ತದೆ, ಇವತ್ತು ಬೆಳಗ್ಗಿನಿಂದ ಬಂದವರದ್ದೆಲ್ಲ ಹೋಗುತ್ತದೆ. ಇದನ್ನು ಅಲ್ಲಿ ರಕ್ತ ತೆಗೆಯುವ ಹುಡುಗಿಗೆ ವಿವರಿಸಿದೆ. ಹತ್ತಿರದ ಪೆರಾಬೆಯವಳು, ಮಾತು ಕಮ್ಮಿ.

ಅವಳು ಬೆಂಚಿನಲ್ಲಿ ಕೂತ ಜನರನ್ನು ಒಮ್ಮೆ ನೋಡಿದಳು. “ಬೇಡ ಅಕ್ಕ. ಒಬ್ಬರ ನಿನ್ನೆಗೋಸ್ಕರ ಇಷ್ಟೂ ಜನರ ಇವತ್ತನ್ನು ಅಳಿಸುದಾ? ಅಜ್ಜಿಯ ರಕ್ತ ಪುನಃ ತೆಗೀತೇನೆ.”

ಅಜ್ಜಿ ಅಲ್ಲೇ ಕೂತಿದ್ದರು. “ನಿಮ್ಮ ಮಿಷನ್ ಮರೆತದ್ದಕ್ಕೆ ನಾನು ಯಾಕೆ ರಕ್ತ ಕೊಡುದು? ಮಿಷನಿನದ್ದೇ ತೆಗಿ.”

ಹುಡುಗಿ ನಗಲಿಲ್ಲ, ರೇಗಲಿಲ್ಲ. ಅಜ್ಜಿಯ ಪಕ್ಕ ಕೂತು, “ಮಿಷನಿಗೆ ನಿಮ್ಮಷ್ಟು ನೆನಪು ಇಲ್ಲ ಅಜ್ಜಿ. ನಿಮಗೆ ಮೊದಲ ಹೆರಿಗೆಯ ವಾರವೂ ನೆನಪುಂಟು ಅಂತ ನಿನ್ನೆ ಹೇಳಿದ್ದಲ್ವಾ,” ಎಂದಳು. ಅಜ್ಜಿಗೆ ಖುಷಿಯಾಯಿತು. ಆ ವಾರ ಯಾವುದೆಂದು ಇನ್ನೊಮ್ಮೆ ಹೇಳುತ್ತ ತೋಳು ನೀಡಿದರು, ಸೂಜಿ ಒಳಗೆ ಹೋಗಿ ಹೊರಗೆ ಬಂದದ್ದೂ ಅವರಿಗೆ ಗೊತ್ತಾಗಲಿಲ್ಲ. ಟೀಚರು ನನ್ನ ಮೊಣಕೈ ಹಿಡಿದು ಜಗ್ಗಿದರು. “ಇವಳು ನನ್ನ ತಮ್ಮನನ್ನು ಸುಧಾರಿಸ್ತಾಳೆ,” ಎಂದು ಪಿಸುಗುಟ್ಟಿದರು. ಅಜ್ಜಿ ಬೆಂಚಿನಿಂದ ಏಳುವ ಮೊದಲು ಆ ಹುಡುಗಿಯ ವಿವರ ಟೀಚರ ಮೊಬೈಲಿನಿಂದ ನನ್ನ ಪೆಟ್ಟಿಗೆ ಸೇರಿಯಾಗಿತ್ತು.

ಅಜ್ಜಿ ಹಿಂದಿನ ದಿನ ಬಂದದ್ದು ಮೊಮ್ಮಗಳ ಸೀಮಂತದ ಪಾಯಸ ಉಂಡು. ಈ ದಿನ ಬರಿಹೊಟ್ಟೆ. ಸಕ್ಕರೆ ಎಷ್ಟೋ ಇಳಿದಿತ್ತು. ವರದಿ ಕೈಗೆ ಬಂದಾಗ ಅಜ್ಜಿ ಹುಡುಗಿಯನ್ನು ಹತ್ತಿರ ಕರೆದು ಗಂಭೀರವಾಗಿ ಹೇಳಿದರು, “ಇನ್ನು ಮುಂದೆ ಮೊದಲನೆಯದ್ದು ತೆಗೀಬೇಡ ಮಗ. ಎರಡನೆಯದ್ದನ್ನೇ ತೆಗಿ.”

ಸಿಡಿಲು

ಟೀಚರ ಕಂಪ್ಯೂಟರು ತಾನಾಗಿಯೇ ಆ ಹುಡುಗಿಯನ್ನೂ ತಮ್ಮನನ್ನೂ ಜೋಡಿಸಿಟ್ಟಿತು. ಆದರೆ ಅಷ್ಟರಲ್ಲಿ ಆಟಿ, ಅಂದರೆ ತುಳುವರ ಆಷಾಢ, ಬಂತು. ಆಟಿ ತಿಂಗಳಲ್ಲಿ ನಮ್ಮ ಕಡೆ ಮದುವೆಯ ಮಾತೆತ್ತುವುದಿಲ್ಲ. ಕಂಪ್ಯೂಟರೂ ಎತ್ತಬಾರದೆಂದು ಟೀಚರ ಅಪ್ಪಣೆ. ಹಾಗಾಗಿ ಅದು ಜೋಡಿಸಿದ ಸಂಬಂಧಗಳ ಮೆಸೇಜುಗಳೆಲ್ಲ ಆಟಿ ಕಳೆಯಲಿ ಎಂದು ಸಾಲಾಗಿ ಕಾದು ಕೂತವು. ತಾಯಂದಿರೂ ಮೊಬೈಲು ಮುಟ್ಟಲಿಲ್ಲ. ಡೇಟಾಬೇಸಿಗೆ ಬರೆಯಲು ಏನೂ ಇರಲಿಲ್ಲ.

ಆಟಿ ಕಳೆದದ್ದೇ ಮೆಸೇಜುಗಳು ಹೊರಟವು. ಕೆಲವರು ಒಪ್ಪಿದರು, ಹೆಚ್ಚಿನವರು ಮೊದಲ ಸಂಬಂಧ ಬೇಡವೆಂದು ಬೇರೆ ಕೇಳಿದರು, ಅಂತೂ ಸುಮಾರು ಮದುವೆಗಳಾದವು. ತಮ್ಮನೂ ಪೆರಾಬೆಗೆ ಹೋದ. ಪೋಡಿ ಬಂತು. ಟೀಚರು ಕಣ್ಣು ಮುಚ್ಚಿಕೊಂಡರು. “ಎಣ್ಣೆ ಕಾಯ್ಲಿಲ್ಲ” ಎಂದ ತಮ್ಮ.

“ಹೌದು. ಸ್ವಲ್ಪ ತಡಿ ಅಂತ ಅಮ್ಮನಿಗೆ ನಾನೂ ಹೇಳಿದೆ, ಕೇಳ್ಲಿಲ್ಲ,” ಎಂದು ಬಾಗಿಲ ಹಿಂದಿನಿಂದ ಉತ್ತರ ಬಂತು. ತಮ್ಮ ತಟ್ಟೆಯಿಂದ ತಲೆಯೆತ್ತಿ ನೋಡಿದ. ನೋಡಿಯೇ ನೋಡಿದ. ಹುಡುಗಿಯ ಅಪ್ಪನಿಗೆ ಹೋಟೆಲಿನ ಅಳಿಯ ಎಂದರೆ ಅರ್ಧ ಮನಸ್ಸು, ಆದರೂ ಮಗಳು ಒಪ್ಪಿದ್ದಕ್ಕೆ ಹೂಂ ಎಂದರು. ದೀಪಾವಳಿ ಕಳೆದು ಮದುವೆ ಎಂದಾಯಿತು.

ದೀಪಾವಳಿಯ ಹಿಂದಿನ ಒಂದು ಸಂಜೆ ಪುತ್ತೂರಿನಲ್ಲಿ ಸಿಡಿಲು ಬಡಿಯಿತು. ನನ್ನ ಪೆಟ್ಟಿಗೆ ಸತ್ತಿತು. ಮಾರನೆಯ ಬೆಳಿಗ್ಗೆ ಹೊಸ ಪೆಟ್ಟಿಗೆ ತಂದು ನಕಲುಗಳನ್ನು ಒಂದೊಂದಾಗಿ ಎಬ್ಬಿಸಿದೆ. ಸುಳ್ಯದ್ದು ಎದ್ದಿತು. ಕಡಬದ್ದು ಎದ್ದಿತು. ಟೀಚರದ್ದು ಏಳಲಿಲ್ಲ. ಮೊನ್ನೆಯ ನಕಲು ಅರ್ಧದಲ್ಲೇ ನಿಂತಿತು, ಅದರ ಹಿಂದಿನದ್ದೂ ಹಾಗೆಯೇ. ಎಲ್ಲವೂ ಯಾರೋ ಒಬ್ಬ ತಾಯಿ ಯಾವನೋ ಒಬ್ಬ ಹುಡುಗನನ್ನು ನೋಡುತ್ತಿದ್ದಾಗ ತೆಗೆದವು. ಹಿಂದೆ ಹಿಂದೆ ಹೋದಾಗ ಚೊಕ್ಕವಾಗಿ ಎದ್ದದ್ದು ಒಂದೇ, ಆಟಿಯ ಕೊನೆಗೆ ತೆಗೆದ ನಕಲು.

ಅದು ಏಳುವುದನ್ನು ಟೀಚರೂ ನಾನೂ ಪರದೆಯಲ್ಲಿ ನೋಡುತ್ತ ಕೂತೆವು. ಎಂಥ ವಿಚಿತ್ರ. ನಡುವೆ ಮಳೆಗಾಲವೇ ಕಳೆದುಹೋಗಿದೆ, ಎಷ್ಟೋ ಮದುವೆಗಳಾಗಿವೆ, ಇದಕ್ಕೆ ಏನೂ ಗೊತ್ತಿಲ್ಲ. ಅದರೊಳಗೆ ಇನ್ನೂ ಆಟಿ. ಮದುವೆಯಾದವರೆಲ್ಲ ಪುನಃ ಅವಿವಾಹಿತರು, ಅದೇ ಹಳೆಯ ಫೋಟೋದಲ್ಲಿ ಅದೇ ನಗು. ನನಗೆ ಆ ಮಷೀನನ್ನು ಮುಟ್ಟಲೂ ಒಂದು ಥರ ಭಯಭಕ್ತಿಯಾಯಿತು. ಟೀಚರು ಮೆಲ್ಲಗೆ, “ನಾನು ಕೂಡಿಸಿದ್ದನ್ನೆಲ್ಲ ಬಿಡಿಸಿ ಹಾಕಿದೆಯಲ್ಲ ಮಾರಾಯ್ತಿ,” ಎಂದರು.

ಮಷೀನು ಪೂರ್ತಿ ಎಚ್ಚರಾಯಿತು. ಗಡಿಯಾರ ನೋಡಿಕೊಂಡಿತು. ಆಟಿ ಕಳೆದಿದೆ ಎಂದು ತಿಳಿಯಿತು. ತಿಳಿದದ್ದೇ, ಕಾದು ಕೂತಿದ್ದ ಮೆಸೇಜುಗಳನ್ನೆಲ್ಲ ಒಮ್ಮೆಲೇ ಕಳಿಸಿಬಿಟ್ಟಿತು. ‘ನಿಮಗೆ ಅನುರೂಪವಾದ ಸಂಬಂಧ ದೊರೆತಿದೆ.’ ನಾನು ಓಡಿಹೋಗಿ ತಂತಿ ಎಳೆಯುವಷ್ಟರಲ್ಲಿ ಒಂದೂ ಉಳಿದಿರಲಿಲ್ಲ.

ಟೀಚರ ಫೋನು ಹೊಡೆದುಕೊಳ್ಳಲು ಶುರುವಾಯಿತು. ಒಬ್ಬ ಹೊಸ ಮದುಮಗ ಅತ್ತೆಮನೆಯಲ್ಲಿ ಊಟಕ್ಕೆ ಕೂತಿದ್ದನಂತೆ. ಮೆಸೇಜು ಅತ್ತೆಯ ಕಣ್ಣಿಗೆ ಬಿತ್ತು. “ಹುಡುಗಿ ನಮ್ಮವಳಿಗಿಂತ ಎತ್ತರ ಇದ್ದಾಳೆ” ಎಂದಷ್ಟೇ ಅಂದರಂತೆ, ಆಮೇಲೆ ಪಾಯಸ ಬಡಿಸಲಿಲ್ಲವಂತೆ. ಇನ್ನೊಬ್ಬ ತಂದೆ, “ನೀವೇ ಮುಂದೆ ನಿಂತು ಮಾಡಿಸಿದ ಮದುವೆ ಟೀಚರೇ. ಮಗಳಿಗೆ ಈಗ ವಾಂತಿ ಶುರುವಾಗಿದೆ. ಇನ್ನೊಬ್ಬ ಗಂಡು ಎಂತಕ್ಕೆ?” ಎಂದು ಕೇಳಿದರು. ಟೀಚರು ಎಲ್ಲರಿಗೂ ಕ್ಷಮಿಸಿ, ಸಿಡಿಲು, ಮಷೀನು ಎಂದು ಹೇಳಿ ಹೇಳಿ ಬಾಯಿ ಒಣಗಿಸಿಕೊಂಡರು.

ಒಬ್ಬ ಮಾತ್ರ ಬೈಯಲಿಲ್ಲ. ಮದುವೆಯಾಗಿ ಹೆಚ್ಚು ದಿನ ಆಗಿರಲಿಲ್ಲ. ಬಹಳ ವಿನಯದಿಂದ ಕೇಳಿದ, “ಟೀಚರೇ, ಇದು ಇವಳ ಬದಲಿಗಾ, ಇವಳ ಒಟ್ಟಿಗಾ?”

ಪೆರಾಬೆಯ ಚಾವಡಿ

ಕೊನೆಗೆ ಬಂದದ್ದು ಪೆರಾಬೆಯಿಂದ, ಹುಡುಗಿಯ ಅಪ್ಪನ ಫೋನು. “ಟೀಚರೇ, ಒಂದು ಮೆಸೇಜ್ ಬಂತು. ನೀವು ಕೂಡಲೇ ಬರಬೇಕು,” ಎಂದರು. ಲೈನು ಕಟ್ಟಾಯಿತು. ತಿರುಗಿ ಮಾಡಿದರೆ ನೆಟ್‌ವರ್ಕ್ ಇಲ್ಲ.

ಟೀಚರು ಚಪ್ಪಲಿ ಮೆಟ್ಟಿದ್ದು ಕಾರಿನೊಳಗೆ ಕೂತ ಮೇಲೆ. ದಾರಿಯುದ್ದಕ್ಕೂ ಒಂದೇ ಮಾತು. “ಮೊದಲೇ ಅರ್ಧ ಮನಸ್ಸು ಅವರದ್ದು. ಬೇರೆ ಹುಡುಗನ ವಿವರ ಹೋಗಿದ್ದರೆ ನೆಪ ಸಿಕ್ಕಿದ ಹಾಗಾಯ್ತು. ಆಟಿಯಲ್ಲಿ ನನ್ನಲ್ಲಿ ಬ್ಯಾಂಕಿನವ ಇದ್ದ, ಇಂಜಿನಿಯರು ಇದ್ದ. ಯಾರದ್ದು ಯಾರಿಗೆ ಹೋಯ್ತು ಅಂತ ಈ ಗಡಿಬಿಡಿಯಲ್ಲಿ ನನಗೆ ಒಂದೂ ನೆನಪಿಲ್ಲ.” ತಮ್ಮನಿಗೆ ಫೋನು ಮಾಡಿದರು. ಅವನು, “ನನಗೂ ಒಂದು ಬಂತು. ಹೋಟೆಲಿನಲ್ಲಿ ರಶ್ ಉಂಟು ಅಕ್ಕ, ನೋಡ್ಲಿಲ್ಲ,” ಎಂದ. ಟೀಚರು ಫೋನು ಮಡಿಲಲ್ಲಿಟ್ಟು ಹೊರಗೆ ನೋಡಿದರು. “ಇದೊಂದು ತಪ್ಪಿದರೆ ಅವನಿಗೆ ಇನ್ನು ಆಗುದಿಲ್ಲ,” ಎಂದರು.

ಚಾವಡಿಯಲ್ಲಿ ಹುಡುಗಿಯ ಅಪ್ಪ ಕೂತಿದ್ದರು. ಪಕ್ಕದಲ್ಲಿ ಹಬ್ಬಕ್ಕೆ ಬಂದ ದೊಡ್ಡ ಅಳಿಯ, ಅಂದರೆ ಹುಡುಗಿಯ ಅಕ್ಕನ ಗಂಡ. ಅವರಿಗೆ ಗೊತ್ತಿಲ್ಲದ ವಿಷಯವೇ ಇಲ್ಲ. ನಾವು ಕೂರುವ ಮೊದಲೇ, “ಇದು ಕ್ಲೌಡಿನ ಪ್ರಾಬ್ಲಂ. ನನಗೆ ಮೊದಲೇ ಗೊತ್ತಿತ್ತು. ನನ್ನನ್ನು ಕೇಳಿದ್ದರೆ ಹೇಳ್ತಿದ್ದೆ,” ಎಂದು ಶುರು ಮಾಡಿದರು. ಮಾವ ಅವರ ಕಡೆ ತಿರುಗಲಿಲ್ಲ. ಅಕ್ಕ ಚಹಾ ತಂದಿಟ್ಟು ಬಾಗಿಲ ಹತ್ತಿರ ತಂಗಿಯ ಪಕ್ಕ ಹೋಗಿ ನಿಂತರು.

ಟೀಚರು ಕೈಮುಗಿದು ಕ್ಷಮೆ ಕೇಳಲು ಬಾಯಿ ತೆರೆದರು. ಅಪ್ಪ ಕೈ ಎತ್ತಿ ತಡೆದರು. ಕನ್ನಡಕ ಹಾಕಿ ಮೊಬೈಲು ದೂರ ಹಿಡಿದು ಓದಿದರು. “‘ನಿಮ್ಮ ಮಗಳಿಗೆ ಅನುರೂಪವಾದ ಸಂಬಂಧ ದೊರೆತಿದೆ. ವರ, ಸಂಪಾಜೆ. ಸ್ವಂತ ಹೋಟೆಲು.’ ಫೋಟೋವೂ ಉಂಟು.”

ಟೀಚರ ತಮ್ಮನದ್ದೇ.

“ಸಿಡಿಲಿನ ವಿಷಯ ಲ್ಯಾಬಿನಿಂದ ಗೊತ್ತಾಗಿ, ನಿಮ್ಮ ಮಿಷನಿಗೆ ಹಿಂದಿನದ್ದೆಲ್ಲ ಮರೆತು ಹೋಗಿರ್ಬೇಕು ಅಂತ ಮಗಳು ಹೇಳಿದಳು. ಹೌದಾ ಮೇಡಂ?” ಎಂದು ನನ್ನನ್ನು ಕೇಳಿದರು.

“ಹೌದು,” ಎಂದೆ.

“ಈ ಸಂಬಂಧ ನಿಶ್ಚಯ ಆದದ್ದು ಅದಕ್ಕೆ ಗೊತ್ತಿಲ್ಲ?”

“ಗೊತ್ತಿಲ್ಲ.”

“ಯಾರೂ ಹೇಳಿ ಕೊಡ್ಲಿಲ್ಲ?”

“ಇಲ್ಲ.”

ಅಪ್ಪ ಕನ್ನಡಕ ತೆಗೆದರು. ಮುಖದಲ್ಲಿ ದೇವರ ಎದುರು ನಿಂತವರ ಕಳೆ ಇತ್ತು. “ನಿಮಗೆ ಹೇಳ್ಲಿಲ್ಲ ಟೀಚರೇ. ಜೋಯಿಸರು ಜಾತಕ ಕೂಡ್ತದೆ ಅಂದಿದ್ದರು. ಆದರೂ ನನಗೆ ಸಮಾಧಾನ ಇರ್ಲಿಲ್ಲ. ಇನ್ನೊಬ್ಬ ಜೋಯಿಸರ ಹತ್ತಿರ, ಮೊದಲಿನವರು ಎಂತ ಹೇಳಿದ್ದು ಅಂತ ಹೇಳದೆ, ಪುನಃ ಕೇಳಿಸ್ಬೇಕು ಅಂತ ಇದ್ದೆ. ಇಬ್ಬರದ್ದೂ ಒಂದೇ ಬಂದರೆ ನಂಬಬಹುದಲ್ವಾ. ಈಗ ನೋಡಿ, ನಿಮ್ಮ ಮಿಷನು ಎಲ್ಲ ಮರೆತು, ಸಿಡಿಲು ಬಡಿದು ಸತ್ತು ಎದ್ದು, ಪುನಃ ಇವನನ್ನೇ ಹೇಳಿತು. ಇನ್ನು ನನಗೆ ಸಂಶಯ ಇಲ್ಲ.”

ಅದು ಪುನಃ ಯೋಚಿಸಿ ಹೇಳಿದ್ದಲ್ಲ, ಆಟಿಯಲ್ಲಿ ಕಾದು ಕೂತಿದ್ದ ಹಳೆಯ ಮೆಸೇಜೇ ಇನ್ನೊಮ್ಮೆ ಹೊರಟದ್ದು ಎಂದು ನಾನು ವಿವರಿಸಬೇಕಿತ್ತು. ಬಾಯಿ ತೆರೆದೆ ಕೂಡ. ಬಾಗಿಲಲ್ಲಿ ನಿಂತ ಹುಡುಗಿ ನನ್ನನ್ನೇ ನೋಡುತ್ತಿದ್ದಳು. ಲ್ಯಾಬಿನಲ್ಲಿ ಇದನ್ನೆಲ್ಲ ಕಂಡವಳು, ಅವಳಿಗೆ ಎಲ್ಲ ಗೊತ್ತು. ಬೇಡ ಎಂದು ಇಷ್ಟೇ ಇಷ್ಟು ತಲೆಯಲ್ಲಾಡಿಸಿದಳು. ನಾನು ಚಹಾ ಎತ್ತಿಕೊಂಡೆ.

ಟೀಚರು ಸೆರಗಿನಿಂದ ಕಣ್ಣೊರೆಸಿಕೊಂಡರು. ದಾರಿಯುದ್ದಕ್ಕೂ ಹೆದರಿದ್ದವರು ಬೆನ್ನು ನೆಟ್ಟಗೆ ಮಾಡಿ ಕೂತರು. “ನಮ್ಮಲ್ಲಿ ಮುಖ್ಯ ಸಂಬಂಧಗಳಿಗೆ ಹಾಗೆ ಎರಡು ಸಲ ನೋಡುದು,” ಎಂದರು. ಗಣಿತ ಕಲಿಸುವಾಗಿನ ಅದೇ ಧ್ವನಿ.

“ಒಳ್ಳೆ ವ್ಯವಸ್ಥೆ,” ಎಂದರು ಅಪ್ಪ. ಆಮೇಲೆ ಕುರ್ಚಿಯನ್ನು ನನ್ನ ಕಡೆ ಎಳೆದು ದನಿ ತಗ್ಗಿಸಿದರು. ಚಾವಡಿ ಅಷ್ಟೇನೂ ದೊಡ್ಡದಿರಲಿಲ್ಲ, ಎಲ್ಲರಿಗೂ ಕೇಳಿಸಿತು. “ಮೇಡಂ, ದೊಡ್ಡವಳ ಮದುವೆಗೆ ಅವಸರದಲ್ಲಿ ಒಂದೇ ಕಡೆ ಕೇಳಿಸಿದ್ದು. ಅವಳದ್ದನ್ನೂ ಒಮ್ಮೆ ಆ ಮಿಷನಿಗೆ ಹಾಕಿ, ಎಲ್ಲ ಮರೆಸಿ, ಪುನಃ ಕೇಳ್ಲಿಕ್ಕೆ ಆಗ್ತದಾ?”

ದೊಡ್ಡ ಅಳಿಯನ ಚಹಾ ತುಟಿಯ ಹತ್ತಿರವೇ ನಿಂತಿತು.

ಬಾಗಿಲ ಹತ್ತಿರದಿಂದ ಅಕ್ಕ ಗಾಬರಿಯಲ್ಲಿ ಹೇಳಿದರು, “ಬೇಡಪ್ಪ. ಪುನಃ ಇವರೇ ಬಂದರೆ?”